ಆನೆಗಳು ಕಹಿ ಹಂಚಿಕೊಂಡ ದಿನ

ಭೂಮಿ ಇನ್ನೂ ಹೊಸದಾಗಿತ್ತು. ಆಫ್ರಿಕಾದ ಜಾಂಬೆಜಿ ನದಿಗೆ ಸಮುದ್ರದ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಸಿಕ್ಕ ಕಲ್ಲನ್ನೆಲ್ಲ ಕೇಳುತ್ತಾ ಹರಿಯುತ್ತಿತ್ತು.

ಆಗ ಆನೆಗಳು ಒಂಟಿಯಾಗಿ ಬದುಕುತ್ತಿದ್ದವು. ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದವು. 'ಇಷ್ಟು ದೊಡ್ಡ ಮೈ ಇರುವಾಗ ಇನ್ನೊಬ್ಬರು ಯಾಕೆ ಬೇಕು?' ಎಂದು ಪ್ರತಿಯೊಂದು ಆನೆಯೂ ಅಂದುಕೊಂಡಿತ್ತು.

ಒಂದು ಬೆಳಿಗ್ಗೆ ಒಂದು ತಾಯಾನೆಯ ಮರಿ ಏಳಲಿಲ್ಲ. ಅದರ ಕಿವಿ ಸುಡುತ್ತಿತ್ತು. ಹಾಲೂ ಬೇಡವೆಂದಿತು. ನದಿ ದಡದ ಮರಳಿನ ಮೇಲೆ ಮಲಗಿಯೇ ಇತ್ತು. ಆನೆ ಹಾಗೇ ತುಂಬ ಹೊತ್ತು ಮಲಗಿದರೆ ಅದರ ಭಾರವೇ ಅದರ ಉಸಿರನ್ನು ಒತ್ತುತ್ತದೆ. ತಾಯಿಗೆ ಇದು ಗೊತ್ತಿತ್ತು.

"ಗಾಳಿಯಣ್ಣ, ಎಲ್ಲಾದರೂ ಔಷಧ ಇದೆಯಾ?"

"ಹೊಳೆಯ ಆಚೆ ರೂಡೊ ಅಜ್ಜಿಯ ಊರಿದೆ. ಅವಳು ಕಹಿ ತೊಗಟೆ ಕುದಿಸುತ್ತಿದ್ದಾಳೆ. ಆ ವಾಸನೆ ಹೊತ್ತು ಹೊತ್ತು ನನಗೇ ಸಾಕಾಗಿದೆ" ಎಂದಿತು ಗಾಳಿ.

"ಹೋಗಿ ಬಾ. ಮರಿಯ ಮೇಲೆ ನಾನು ನೀರು ಚಿಮುಕಿಸುತ್ತಿರುತ್ತೇನೆ" ಎಂದಿತು ನದಿ.

ತಾಯಾನೆ ಹೊಳೆ ದಾಟಿತು.

ಆ ಊರಿನಲ್ಲಿ ಮೀನು ಹಿಡಿಯುವ ತೆಂಡಾಯಿಗೆ ಜ್ವರ ಬಂದಿತ್ತು. ಅವನು ಚಾಪೆಯ ಮೇಲೆ ಮಲಗಿದ್ದ. ಅವನ ಸುತ್ತ ಇಡೀ ಊರು ಕೂತಿತ್ತು. ಎಲ್ಲರ ಕೈಯಲ್ಲೂ ಸೋರೆಬುರುಡೆಯ ಬಟ್ಟಲು. ಆದರೆ ರೂಡೊ ಅಜ್ಜಿ ಮಡಕೆಯ ಮುಚ್ಚಳ ತೆಗೆದಿರಲಿಲ್ಲ.

"ಜ್ವರ ಬಂದಿರುವುದು ಒಬ್ಬನಿಗೆ. ಬಟ್ಟಲು ಎಲ್ಲರಿಗೂ ಯಾಕೆ?" ತಾಯಾನೆ ಕೇಳಿತು.

"ತೆಂಡಾಯಿ ನಮ್ಮವನು ಮಗಳೇ. ಅವನ ಜ್ವರವೂ ನಮ್ಮದೇ. ಕಹಿಯನ್ನು ಎಲ್ಲರೂ ಕುಡಿಯಬೇಕು."

"ಹಾಗಾದರೆ ಬೇಗ ಕುಡಿಯಿರಿ ಅಜ್ಜಿ. ನನ್ನ ಮರಿ ಮಲಗಿಬಿಟ್ಟಿದೆ."

"ಇವನ ತಮ್ಮ ಗರಿಕಾಯಿ ಬರಬೇಕು. ಬಲೆಗಾಗಿ ಜಗಳವಾಡಿ ಮಾತು ಬಿಟ್ಟಿದ್ದಾರೆ. ಒಬ್ಬ ಹೊರಗೆ ಉಳಿದರೆ ಔಷಧ ಅರ್ಧವೇ."

ಅಷ್ಟರಲ್ಲಿ ಗರಿಕಾಯಿ ಮುಖ ಊದಿಸಿಕೊಂಡು ಬಂದ.

"ಬಂದರಪ್ಪಾ ದೊಡ್ಡ ಮನುಷ್ಯರು! ಮಡಕೆ ತಣ್ಣಗಾಯಿತು" ಎಂದಳು ಪಕ್ಕದ ಮನೆಯ ಚಿಪೊ.

"ಬಂದೆನಲ್ಲ, ಸಾಕು. ಬಲೆ ಮಾತ್ರ ನನ್ನದೇ."

"ಮೊದಲು ಕುಡಿಯೋ. ಆಮೇಲೆ ಜಗಳ" ಎಂದ ತೆಂಡಾಯಿ, ಮಲಗಿದಲ್ಲಿಂದಲೇ.

ಅಜ್ಜಿ ಮುಚ್ಚಳ ತೆಗೆದಳು. ಎಲ್ಲರೂ ಒಟ್ಟಿಗೆ ಕುಡಿದರು. ಇಡೀ ಊರಿನ ಮುಖ ಕಿವುಚಿಕೊಂಡಿತು. ತಮ್ಮನ ಮುಖ ನೋಡಿ ತೆಂಡಾಯಿ ನಕ್ಕ. ಆಮೇಲೆ ತನ್ನ ಬಟ್ಟಲನ್ನೂ ಖಾಲಿ ಮಾಡಿದ.

ಉಳಿದ ಕಷಾಯವನ್ನೆಲ್ಲ ಅಜ್ಜಿ ತಾಯಾನೆಯ ಬಾಯಿಗೆ ಸುರಿದಳು. "ನುಂಗಬೇಡ. ಇಟ್ಟುಕೊಂಡು ಹೋಗು. ನಿನ್ನವರೆಲ್ಲ ಕುಡಿಯಲಿ."

ತಾಯಾನೆ ತಲೆ ಅಲ್ಲಾಡಿಸಿತು. ತನ್ನವರು ಅಂತ ಯಾರೂ ಇಲ್ಲ.

"ಇಲ್ಲದಿದ್ದರೆ ಮಾಡಿಕೋ" ಎಂದಳು ಅಜ್ಜಿ.

ಹೊಳೆ ದಾಟಿ ಮರಿಯ ಹತ್ತಿರ ಬಂದ ತಾಯಾನೆ ಯಾರನ್ನೂ ಕರೆಯಲಿಲ್ಲ. ಮರಿಗೆ ಕುಡಿಸಿದರೆ ಸಾಕು ಅಂದುಕೊಂಡಿತು. ಮರಿ ಒಂದು ಹನಿ ನೆಕ್ಕಿ ಉಗುಳಿತು.

"ಕಹಿ! ನಾನೊಬ್ಬನೇ ಯಾಕೆ ಕುಡಿಯಬೇಕು?"

ಮರಿ ಕಣ್ಣು ಮುಚ್ಚಿತು. ಅದರ ಉಸಿರು ಸಣ್ಣದಾಯಿತು.

ತಾಯಿಗೆ ಈಗ ಕರೆಯಲೇಬೇಕಿತ್ತು. ಆದರೆ ಬಾಯಿ ತೆರೆದರೆ ಔಷಧ ಚೆಲ್ಲುತ್ತದೆ. ಅದು ಬಾಯಿ ಮುಚ್ಚಿಕೊಂಡೇ ಎದೆಯೊಳಗಿಂದ ಗುಡುಗಿತು. ದನಿ ಕಿವಿಗೆ ಕೇಳಲಿಲ್ಲ. ನೆಲಕ್ಕೆ ಕೇಳಿತು. ನೆಲ ಅದನ್ನು ದೂರ ದೂರದ ಆನೆಗಳ ಪಾದಕ್ಕೆ ಮುಟ್ಟಿಸಿತು.

ಆನೆಗಳು ಬಂದವು. ಬಂದರೂ ದೂರ ದೂರ ನಿಂತವು.

"ಯಾರದೋ ಮರಿ. ನಮಗೇನು?" ಎಂದಿತು ಒಂದು ಮುದಿ ಗಂಡಾನೆ.

"ಏನೂ ಇಲ್ಲದಿದ್ದರೆ ಇಷ್ಟು ದೂರ ಯಾಕೆ ಬಂದೆ ತಾತ?" ಎಂದಿತು ನದಿ. ಊರಿನ ಸುದ್ದಿಯನ್ನು ಗಾಳಿ ಅದಕ್ಕೆ ಆಗಲೇ ಹೇಳಿತ್ತು. "ಅವಳ ಬಾಯಲ್ಲಿ ಔಷಧ ಇದೆ. ಎಲ್ಲರೂ ಕುಡಿದರೆ ಮರಿಯೂ ಕುಡಿಯುತ್ತದೆ."

"ನಮ್ಮ ಹತ್ತಿರ ಬಟ್ಟಲಿಲ್ಲ."

"ಸೊಂಡಿಲಿಲ್ಲವೇ?"

ಮುದಿ ಗಂಡಾನೆ ಹತ್ತಿರ ಬಂತು. ಅದು ಸೊಂಡಿಲ ತುದಿಯನ್ನು ತಾಯಾನೆಯ ಬಾಯೊಳಗೆ ಇಟ್ಟು, ತೆಗೆದು, ತನ್ನ ಬಾಯಿಗೆ ಹಾಕಿಕೊಂಡಿತು. ಕಿವಿಗಳು ಪಟಪಟ ಬಡಿದವು. ಬಾಲ ನೆಟ್ಟಗಾಯಿತು.

"ಥೂ! ಇದನ್ನು ಮಗುವಿಗೆ ಕೊಡುತ್ತಾರಾ?"

ಮರಿ ಒಂದು ಕಣ್ಣು ತೆರೆದು ನೋಡಿತು.

ಇನ್ನೊಂದು ಆನೆ ಸೊಂಡಿಲಿಟ್ಟಿತು. ಕಿವಿ ಬಡಿಯಿತು. ಮತ್ತೊಂದು ಇಟ್ಟಿತು. ಕಿವಿ ಬಡಿಯಿತು. ಮರಿಗೆ ನಗು ತಡೆಯಲಾಗಲಿಲ್ಲ.

"ಈಗ ನನಗೆ!" ಎಂದು ಅದು ತನ್ನ ಪುಟ್ಟ ಸೊಂಡಿಲು ಚಾಚಿತು. ಉಳಿದದ್ದನ್ನೆಲ್ಲ ಕುಡಿಯಿತು.

ಬಿಸಿಲೇರಿತು. ಆನೆಗಳು ಹೋಗಲಿಲ್ಲ. ಮರಿಯ ಸುತ್ತ ಒತ್ತೊತ್ತಾಗಿ ನಿಂತು ನೆರಳು ಮಾಡಿದವು. ಅದರ ಕಿವಿ ತಣ್ಣಗಾದಾಗ ಹೊಟ್ಟೆಯ ಕೆಳಗೆ ಸೊಂಡಿಲು ಕೊಟ್ಟು ಎತ್ತಿದವು. ಮರಿ ಎಡಕ್ಕೆ ವಾಲಿತು. ಅಲ್ಲೊಂದು ಕಾಲಿತ್ತು. ಬಲಕ್ಕೆ ವಾಲಿತು. ಅಲ್ಲೂ ಒಂದು ಕಾಲಿತ್ತು. ಬೀಳಲು ಜಾಗವೇ ಇರಲಿಲ್ಲ. ಮರಿ ನಿಂತಿತು.

ಜ್ವರ ಇಳಿಸಿದ್ದು ತೊಗಟೆ. ಮರಿಯನ್ನು ನಿಲ್ಲಿಸಿದ್ದು ಸೊಂಡಿಲುಗಳು. ಎರಡೂ ಬೇಕಿತ್ತು.

ಅದಕ್ಕೇ ಪುಟ್ಟಾ, ಇವತ್ತಿಗೂ ಎರಡು ಆನೆಗಳು ಭೇಟಿಯಾದರೆ ಒಂದು ತನ್ನ ಸೊಂಡಿಲ ತುದಿಯನ್ನು ಇನ್ನೊಂದರ ಬಾಯೊಳಗೆ ಇಡುತ್ತದೆ. ಅಲ್ಲಿ ಕಹಿ ಏನಾದರೂ ಇದ್ದರೆ, ತನ್ನ ಪಾಲು ಕೇಳುತ್ತದೆ.