ಸುಣ್ಣದ ಗೆರೆಯೊಳಗಿನ ಮಡಕೆಗಳು

"ಈ ಚೌಕ ಎಳೆಯುವುದರಿಂದ ಏನು ಬಂತು ಸರ್?" ಎಂದು ಚಿದಂಬರ ಕೇಳಿದ.

ಕಂಪ್ಯೂಟರಿನ ಚಿತ್ರದಲ್ಲಿ ಕಲ್ಲಿಗೆ ಕಲ್ಲಿನ ಮೈ, ರೇಷ್ಮೆಗೆ ರೇಷ್ಮೆಯ ಹೊಳಪು ಕೊಡುವ ವಿದ್ಯೆಯನ್ನು ಅವನು ಅಡಿವೆಪ್ಪ ಮೇಷ್ಟ್ರ ಬಳಿ ಕಲಿಯುತ್ತಿದ್ದ. ಅವನ ಪರದೆಯ ಮೇಲೆ, ಒಂದೊಂದು ಸಣ್ಣ ಕೆಲಸ ಮಾಡುವ ಪೆಟ್ಟಿಗೆಗಳಂಥ ಇನ್ನೂರು ನೋಡ್‌ಗಳು ತಂತಿ ಹೆಣೆದುಕೊಂಡು ಬಿದ್ದಿದ್ದವು. ಒಂದೊಂದು ಕೆಲಸದ ನೋಡ್‌ಗಳನ್ನು ಒಟ್ಟಿಗಿಟ್ಟು, ಸುತ್ತ ಚೌಕ ಎಳೆದು ಹೆಸರು ಬರೆ ಎಂದು ಮೇಷ್ಟ್ರು ಮೂರು ಸಲ ಹೇಳಿದ್ದರು.

"ಎಳೆದರೂ ಕಲ್ಲು ಅದೇ, ಎಳೆಯದಿದ್ದರೂ ಅದೇ. ಯಾವುದು ಎಲ್ಲಿದೆ ಅಂತ ನನಗೆ ಗೊತ್ತಲ್ಲ."

"ಗೊತ್ತಿದ್ದವಳದೇ ಒಂದು ಕತೆ ಇದೆ, ಕೇಳು" ಎಂದರು ಮೇಷ್ಟ್ರು.

ಒಬ್ಬ ಬಣ್ಣಗಾರ್ತಿ ಇದ್ದಳು. ನೂಲಿಗೆ ಅವಳು ಹಾಕುವ ಕೆಂಪು ಸುತ್ತ ಹತ್ತೂರಲ್ಲಿ ಯಾರ ಕೈಗೂ ಬರುತ್ತಿರಲಿಲ್ಲ. ಅವಳ ಹಿತ್ತಲಲ್ಲಿ ನಲವತ್ತು ಮಡಕೆ. ಅಳಲೆಕಾಯಿ ನೀರು, ನೂಲಿಗೆ ಕೆಂಪು ಕಚ್ಚಿಸುವ ಪಟಿಕದ ನೀರು, ಕೆಂಪು ಕೊಡುವ ಮಂಜಿಷ್ಠದ ಕಷಾಯ, ಕಪ್ಪಿಗೆ ಬೇಕಾದ ತುಕ್ಕಿನ ನೀರು. ಯಾವುದಕ್ಕೂ ಗುರುತಿಲ್ಲ. ಮಗಳು ಕೇಳಿದರೆ, "ನಾನಿಲ್ಲವೇನೇ?" ಅನ್ನುವಳು. ಹೌದಪ್ಪ, ಅವಳಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಕೈ ಹಾಕುವಷ್ಟು ಗೊತ್ತಿತ್ತು.

ಒಂದು ದಿನ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಹೋದವು, ಮಾತೂ ಹೋಯಿತು.

ಅಮ್ಮನ ಕೆಂಪನ್ನು ಉಳಿಸಿಯೇ ತೀರುತ್ತೇನೆಂದು ಮಗಳು ಸೆರಗು ಬಿಗಿದಳು. ಮೊದಲು ಹಿತ್ತಲು ಚೊಕ್ಕಟ ಮಾಡಿದಳು. ದೊಡ್ಡ ಮಡಕೆಗಳೆಲ್ಲ ಒಂದು ಸಾಲು, ಚಿಕ್ಕವೆಲ್ಲ ಒಂದು ಸಾಲು. ನೋಡಲು ಬಲು ಚೆಂದ. ಪಟಿಕದ ಮಡಕೆಯ ಪಕ್ಕಕ್ಕೆ ಅಷ್ಟೇ ಚಿಕ್ಕದಾದ ತುಕ್ಕಿನ ಮಡಕೆ ಬಂದು ಕೂತಿತು. ಅಳಲೆಯ ನೂಲು ಅದ್ದಿ ಅದ್ದಿ ಪಟಿಕದ ನೀರೂ ತುಕ್ಕಿನಂತೆ ಕಂದಾಗಿತ್ತು. ಅಳಲೆಯಲ್ಲಿ ಅದ್ದಿದ ನೂಲನ್ನು ಅವಳು ಪಟಿಕವೆಂದುಕೊಂಡು ತುಕ್ಕಿಗೆ ಇಳಿಸಿದಳು. ನೂಲು ಕಾಡಿಗೆಯಂತೆ ಕಪ್ಪಾಯಿತು.

ನೂಲು ಕೊಟ್ಟಿದ್ದ ನೇಕಾರ ಬಂದು ನೋಡಿದ. "ಇನ್ನೊಂದೇ ಸಲ ಕೊಡುತ್ತೇನೆ ತಂಗಿ. ಆಗಲೂ ಕೆಂಪು ಬರದಿದ್ದರೆ ನಾನು ಬೇರೆ ಮನೆ ನೋಡಬೇಕು" ಎಂದ. ಅವನು ಹೋದ ಮೇಲೆ ಮಗಳು ಬಿಕ್ಕಿ ಬಿಕ್ಕಿ ಅತ್ತಳು.

ತಾಯಿ ತೆವಳಿಕೊಂಡು ಹಿತ್ತಲಿಗೆ ಬಂದಳು. ಒಂದೊಂದೇ ಮಡಕೆಯ ನೀರನ್ನು ನಾಲಿಗೆಗೆ ತಾಗಿಸಿ ಉಗುಳಿದಳು. ಎಡಗೈಯಿಂದ ತೋರಿಸಿದ ಕಡೆಗೆ ಮಗಳು ಎತ್ತಿಟ್ಟಳು. ಕೆಂಪಿಗೆ ಬೇಕಾದವು, ದೊಡ್ಡವಿರಲಿ ಚಿಕ್ಕವಿರಲಿ, ಒಂದೆಡೆ, ಕಪ್ಪಿನವು ಇನ್ನೊಂದೆಡೆ. ಆಮೇಲೆ ತಾಯಿಯೇ ಸುಣ್ಣದಲ್ಲಿ ಎಡಗೈ ಬೆರಳದ್ದಿ ಪ್ರತಿ ಗುಂಪಿನ ಸುತ್ತ ಗೆರೆ ಎಳೆದಳು. ಗೆರೆಯ ತಲೆಗೆ ಆಯಾ ಬಣ್ಣದ ನೂಲಿನ ತುಂಡು ಇಟ್ಟಳು. ಸೊಟ್ಟಪಟ್ಟ ಗೆರೆ. ಮೊಣಕಾಲು ತರಚಿ ಹೋಗಿದೆ, ಸಾಕಮ್ಮಾ ಎಂದು ಮಗಳು ಬೇಡಿಕೊಂಡರೂ ಬಿಡಲಿಲ್ಲ. ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಮಗಳು ಆ ಗೆರೆಯೊಳಗೇ ನಿಂತು ನೇಕಾರನ ನೂಲನ್ನು ಅದ್ದಿದಳು.

"ಕೆಂಪು ಬಂತಾ ಸರ್?" ಎಂದ ಚಿದಂಬರ.

"ಬಂತು" ಎಂದರು ಮೇಷ್ಟ್ರು. "ಆದರೆ ಅದಕ್ಕೆ ಮುಂಚೆ ಮೂವತ್ತು ವರ್ಷ ಆ ತಾಯಿಗೆ ಎರಡೂ ಕೈ ಇದ್ದವು. ಗೆರೆ ಎಳೆಯಲು ಆಗ ಒಂದು ದಿನ ಸಾಕಿತ್ತು."