ಸೀಸದ ನಿಷ್ಠೆ

ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ದಸ್ತಗೀರ ಸಾಹೇಬರ ಎದೆಯಲ್ಲಿ ಒಂದು ರಕ್ತನಾಳವಿತ್ತು. ಸತು ದಿನವೂ ಊಟದ ಬೇಳೆಕಾಳಿನ ಜೊತೆ ಅಲ್ಲಿಗೆ ಬಂದು, ನಾಳದ ಗೋಡೆಯ ಬಿರುಕು ಮುಚ್ಚಿ, ಕೆಲಸ ಮುಗಿದೊಡನೆ ಹೊರಟುಬಿಡುತ್ತಿತ್ತು. ಸೀಸ ಕುಲುಮೆಯ ಹೊಗೆಯೊಡನೆ ಬಂದದ್ದು, ಹೋಗಲೇ ಇಲ್ಲ.

ಒಂದು ದಿನ ನಾಳ ಸತುವನ್ನು ತಡೆದು, "ನಿಂತ ಕಾಲಲ್ಲೇ ಹೊರಡುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ? ಸೀಸಪ್ಪನನ್ನು ನೋಡು, ಇಪ್ಪತ್ತು ವರ್ಷದಿಂದ ನನ್ನನ್ನು ಬಿಟ್ಟು ಕದಲಿಲ್ಲ," ಎಂದಿತು.

"ನಾನು ಕೆಲಸಕ್ಕೆ ಬರುವವನು, ತಾಯಿ. ಇಷ್ಟು ವರ್ಷ ಅವನು ಇಲ್ಲಿ ಏನು ಕೆಲಸ ಮಾಡಿದ, ಒಮ್ಮೆ ಕೇಳಿ ನೋಡಿ," ಎಂದಿತು ಸತು.

ನಾಳಕ್ಕೆ ಸಿಟ್ಟು ಬಂತು. ಸತು ಕೂರುತ್ತಿದ್ದ ಜಾಗವನ್ನೂ ಸೀಸಕ್ಕೇ ಕೊಟ್ಟಿತು. ಬಿರುಕು ಮುಚ್ಚುವವರಿಲ್ಲದೆ ಗೋಡೆ ಬರಬರುತ್ತಾ ಕಲ್ಲಾಯಿತು.

ಒಂದು ಬೆಳಿಗ್ಗೆ ಸಾಹೇಬರು ಮೆಟ್ಟಿಲು ಹತ್ತುವಾಗ ಹೃದಯ ಕೂಗಿತು: "ರಕ್ತ ಜೋರಾಗಿ ಕಳಿಸುತ್ತಿದ್ದೇನೆ, ಸ್ವಲ್ಪ ಹಿಗ್ಗಮ್ಮಾ!"

ನಾಳಕ್ಕೆ ಹಿಗ್ಗಲು ಆಗಲಿಲ್ಲ. "ಸೀಸಪ್ಪಾ, ಬಿರಿಯುತ್ತಿದ್ದೇನೆ, ಏನಾದರೂ ಮಾಡು!"

"ನನಗೆ ಆ ಕೆಲಸ ಬರುವುದಿಲ್ಲ, ತಾಯಿ," ಎಂದಿತು ಸೀಸ, ಕುಳಿತಲ್ಲಿಂದಲೇ. "ಆದರೆ ಹೆದರಬೇಡಿ. ನೀವು ಮಣ್ಣಾದ ಮೇಲೂ ನಾನು ಇಲ್ಲೇ ಇರುತ್ತೇನೆ."