ನಾಲ್ಕನೆಯ ಮೂಲೆ

ಪೋರ್ಚುಗಲ್ಲಿನ ಒಂದು ಸಣ್ಣ ಊರು. ನದಿ ಅಲ್ಲಿ ಸಮುದ್ರ ಸೇರುತ್ತದೆ. ಆ ಕಡವಿನಲ್ಲಿ ದೋಣಿಗೆ ಹುಟ್ಟು ಹಾಕಿ ಜನರನ್ನು ದಾಟಿಸುತ್ತಿದ್ದವರು ಬೆಲ್ಮಿರೊ. ಹದಿನೆಂಟು ವರ್ಷ ಫುಟ್‌ಬಾಲ್ ಆಡಿ ನಿವೃತ್ತರಾದವರು. ಆಡಿದ್ದೆಲ್ಲ ರಕ್ಷಣೆಯ ಸಾಲಿನಲ್ಲಿ.

ಗೋಲು ಹೊಡೆದವರಿಗೆ ಊರೆಲ್ಲ ಹೆಸರು. ತಡೆದವರ ಹೆಸರು ತಪ್ಪಿದ ದಿನ ಮಾತ್ರ ನೆನಪಾಗುತ್ತದೆ. ಬೆಲ್ಮಿರೊಗೆ ಅದರ ಬಗ್ಗೆ ದೂರಿರಲಿಲ್ಲ.

ಜನ ಅವರನ್ನು ಮೆಸ್ತ್ರೆ ಎನ್ನುತ್ತಿದ್ದರು. ಗುರು ಎಂದರ್ಥ. ನಾವು ಗಾರೆ ಕೆಲಸದವರನ್ನು ಮೇಸ್ತ್ರಿ ಎಂದು ಕರೆಯುವಾಗ ಆಡುವುದೂ ಅದೇ ಮಾತನ್ನು.

ಒಂದು ಭಾನುವಾರ ಸಂಜೆ ನೇಲಿಯೊ ಎಂಬ ಆಟಗಾರ ಕಡವಿಗೆ ನಡೆದು ಬಂದ. ಮೆಸ್ತ್ರೆ ಆಡಿದ ಕ್ಲಬ್ಬಿನಲ್ಲೇ, ಅವರ ಜಾಗದಲ್ಲೇ ಈಗ ಅವನು ಆಡುತ್ತಿದ್ದ. ಮನೆ ಆಚೆ ದಡದಲ್ಲಿತ್ತು. ಬೂಟುಗಳನ್ನು ಹೆಗಲಿಗೆ ನೇತುಹಾಕಿಕೊಂಡಿದ್ದ.

"ತಂಡದ ಬಸ್ಸು ಎಲ್ಲಿ?"

"ನನ್ನನ್ನು ಬಿಟ್ಟು ಹೋಯಿತು. ಯಾರೂ ನಿಲ್ಲಿಸಿ ಅನ್ನಲಿಲ್ಲ."

"ಏನು ಮಾಡಿದೆ?"

"ಹಿಂದೆ ಉಳಿದೆ."

ಮೆಸ್ತ್ರೆಗೆ ಅಷ್ಟೇ ಸಾಕಾಯಿತು. ನಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎದುರಾಳಿಗಳು ತಮ್ಮ ಫಾರ್ವರ್ಡ್‌ಗೆ ಚೆಂಡು ಕಳಿಸುವ ಗಳಿಗೆಗೆ ಸರಿಯಾಗಿ ರಕ್ಷಣೆಯ ನಾಲ್ವರೂ ಒಟ್ಟಿಗೆ ಒಂದು ಹೆಜ್ಜೆ ಮುಂದಿಡುತ್ತಾರೆ. ಅವನು ಅವರ ಬೆನ್ನ ಹಿಂದೆ ಒಬ್ಬನೇ ಉಳಿಯುತ್ತಾನೆ. ಅದು ಆಫ್‌ಸೈಡ್. ಅವನು ಹೊಡೆದ ಗೋಲು ಗೋಲಲ್ಲ. ಆದರೆ ನಾಲ್ವರಲ್ಲಿ ಒಬ್ಬ ಹಿಂದೆ ನಿಂತರೂ ಸಾಕು, ಅದು ಆಫ್‌ಸೈಡ್ ಆಗದೆ ಉಳಿದ ಮೂವರು ಬಿಟ್ಟ ಜಾಗ ಎದುರಾಳಿಗೆ ದಾರಿಯಾಗುತ್ತದೆ.

"ಅವರು ತಪ್ಪಿದರೆ ನಾನೊಬ್ಬನಾದರೂ ಇರಲಿ ಅಂದುಕೊಂಡೆ," ಎಂದ ನೇಲಿಯೊ. "ಮುಂದಿನ ಭಾನುವಾರ ಕೊನೆಯ ಪಂದ್ಯ. ಸೋತರೆ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುತ್ತದೆ. ಇನ್ನೊಮ್ಮೆ ಹಿಂದೆ ಉಳಿದರೆ ನನ್ನ ಆಟ ಅಲ್ಲಿಗೆ ಮುಗಿಯಿತು ಅಂತ ಕೋಚ್ ಹೇಳಿದ್ದಾರೆ. ನನ್ನ ಭಯ ಬಿಡಿಸಿ, ಮೆಸ್ತ್ರೆ."

"ದೋಣಿ ಹತ್ತು."

ಆ ಕಡವಿಗೊಂದು ಪದ್ಧತಿಯಿತ್ತು. ದಿನದ ಕೊನೆಯ ಸುತ್ತು ಮುಗಿದ ಮೇಲೆ, ಉಬ್ಬರದ ನೀರು ಒಯ್ಯದ ಹಾಗೆ ಆ ಚಪ್ಪಟೆ ತಳದ ದೋಣಿಯನ್ನು ಎತ್ತಿ ಆಚೆಯ ದಂಡೆಯ ಮೇಲಿಡಬೇಕು. ಒಂದು ಮೂಲೆ ಮೆಸ್ತ್ರೆಯದು. ಇನ್ನೊಂದು ದೋಣಿಯ ಒಡೆಯ, ಮುದುಕ ಜೆಫೆರಿನೊ ಅವರದು. ಮೂರನೆಯದು ಅವರ ಹೆಂಡತಿ ದೆಯೊಲಿಂದಾ ಅವರದು. ನಾಲ್ಕನೆಯ ಮೂಲೆ ಕೊನೆಗೆ ಇಳಿದ ಪ್ರಯಾಣಿಕನಿಗೆ. ಊರ ಪಾದ್ರಿಗೂ ವಿನಾಯಿತಿ ಇರಲಿಲ್ಲ.

ಕೊನೆಗೆ ಇಳಿದವನು ನೇಲಿಯೊ.

ಜೆಫೆರಿನೊ "ಹೂಂ" ಎಂದರು. ಮೂವರೂ ಎತ್ತಿದರು. ಅವರು ಎತ್ತಿದರೋ ಇಲ್ಲವೋ ಎಂದು ನೇಲಿಯೊ ನೋಡಿದ. ಆಮೇಲೆ ಎತ್ತಿದ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಆ ಊರಿನಲ್ಲಿಲ್ಲ. ಆದರೆ ಆದದ್ದು ಅದೇ. ದೋಣಿ ವಾಲಿ ಜೆಫೆರಿನೊ ಅವರ ಪಾದದ ಮೇಲೆ ಕುಳಿತಿತು.

ಅವರು ಬೈಯಲಿಲ್ಲ. ತಿರುಗಿ ಯಾರೆಂದು ನೋಡಿದರು, ಅಷ್ಟೆ. ಬೈದವರು ದೆಯೊಲಿಂದಾ.

"ಎತ್ತುವುದಿದ್ದರೆ ಎತ್ತು, ಇಲ್ಲದಿದ್ದರೆ ಮೊದಲೇ ಹೇಳು. ನನ್ನ ಗಂಡನಿಗೆ ಇರುವುದು ಎರಡೇ ಕಾಲು."

"ನಾಳೆಯೂ ಕೊನೆಗೇ ಇಳಿ," ಎಂದರು ಮೆಸ್ತ್ರೆ.

ಸೋಮವಾರವೂ ದೋಣಿ ವಾಲಿತು. ಮಂಗಳವಾರವೂ ಅಷ್ಟೆ. ಜೆಫೆರಿನೊ ಕುಂಟುತ್ತಲೇ ಬಂದು ತಮ್ಮ ಮೂಲೆ ಹಿಡಿದರು. ಶುಕ್ರವಾರ "ಹೂಂ" ಎಂಬುದು ಕೇಳಿದ್ದೇ ದೋಣಿ ನಾಲ್ಕೂ ಕಡೆ ಸಮನಾಗಿ ಎದ್ದು, ಸದ್ದಿಲ್ಲದೆ ದಂಡೆಯ ಮೇಲೆ ಕುಳಿತಿತು.

"ಉಳಿದವರು ಎತ್ತುತ್ತಾರೆ ಅಂತ ಹೇಗೆ ಗೊತ್ತಾಯಿತು?" ಎಂದು ಮೆಸ್ತ್ರೆ ಕೇಳಿದರು.

"ಗೊತ್ತಾಗಲಿಲ್ಲ. ನಾನು ನೋಡಲಿಲ್ಲ."

"ಭಯ?"

"ಇತ್ತು."

"ಇರಲಿ."

ಗಂಡ ಹೆಂಡತಿ ದಂಡೆ ಹತ್ತಿ ಮನೆಯ ಕಡೆ ಹೊರಟಿದ್ದರು. ನೇಲಿಯೊ ದೋಣಿಗೆ ಒರಗಿ ಕುಳಿತ.

"ಮೆಸ್ತ್ರೆ, ನೀವು ಯಾವತ್ತಾದರೂ ಹಿಂದೆ ಉಳಿದಿದ್ದೀರಾ?"

"ಒಮ್ಮೆ. ಕಪ್ಪಿನ ಫೈನಲ್‌ನಲ್ಲಿ. ಉಳಿದ ಮೂವರು ಆತುರಪಟ್ಟು ಮುಂದೆ ಹೋದರು ಅಂತ ಪತ್ರಿಕೆಯಲ್ಲಿ ಬಂತು. ಹೆಜ್ಜೆ ಮುಂದಿಡಿ ಅಂತ ಕೂಗು ಕೊಟ್ಟವನ ಹೆಸರೂ ಬಂತು. ಕ್ಲಬ್ಬು ಅವನನ್ನು ಕೈಬಿಟ್ಟಿತು. ನಾನು ಆಮೇಲೂ ಒಂಬತ್ತು ವರ್ಷ ಆಡಿದೆ."

"ನಿಜ ಹೇಳಲಿಲ್ಲವೇ?"

"ಇಲ್ಲ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ."

"ಆ ಕೂಗು ಕೊಟ್ಟವರು ಈಗ ಎಲ್ಲಿದ್ದಾರೆ?"

ಮೆಸ್ತ್ರೆ ದಂಡೆಯ ಕಡೆ ಕತ್ತು ತಿರುಗಿಸಿದರು. ಜೆಫೆರಿನೊ ಹೆಂಡತಿಯ ಭುಜ ಹಿಡಿದು ಕುಂಟುತ್ತ ಹೋಗುತ್ತಿದ್ದರು.

ನೇಲಿಯೊ ಎದ್ದು ನಿಂತ.

"ಅವರಿಗೆ ಗೊತ್ತೇ?"

"ಗೋಲಾದ ಕೂಡಲೇ ತಿರುಗಿ ಯಾರೆಂದು ನೋಡಿದ್ದ. ಆಟ ಬಿಟ್ಟ ಮೇಲೆ ನಾನು ಕ್ಷಮೆ ಕೇಳಲು ಇಲ್ಲಿಗೆ ಬಂದೆ. ಆ ಹೊತ್ತಿಗೆ ದೋಣಿ ಎತ್ತಲು ಅವನಿಗೆ ಒಬ್ಬರು ಕಡಿಮೆ ಇದ್ದರು. ಹಿಡಿ ಅಂದ. ಹಿಡಿದೆ."

"ಕ್ಷಮಿಸಿದರೇ?"

"ಮರುದಿನವೂ ಹಿಡಿ ಅಂದ."

ಭಾನುವಾರ ಸಂಜೆ ಕಡವಿನ ಮೇಲಿನ ರಸ್ತೆಯಲ್ಲಿ ಒಂದು ಹಳೆಯ ಕಾರು ನಿಂತಿತು. ನೇಲಿಯೊ ಅದರಿಂದಿಳಿದು ಕೆಳಗೆ ಬಂದ. ಮೆಸ್ತ್ರೆ ಕೊನೆಯ ಸುತ್ತಿಗೆ ದೋಣಿಯಲ್ಲಿ ಕುಳಿತಿದ್ದರು.

"ಕೂಗು ಬಂತು, ಮೆಸ್ತ್ರೆ. ನಾಲ್ವರೂ ಹೆಜ್ಜೆ ಮುಂದಿಟ್ಟೆವು. ನಾನೂ ಇಟ್ಟೆ. ಅವರ ಫಾರ್ವರ್ಡ್ ಆಫ್‌ಸೈಡ್ ಆಗಿದ್ದ. ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ."

"ಗೋಲಾಯಿತೇ?"

"ಆಯಿತು. ಕ್ಲಬ್ಬು ಕೆಳಗೆ ಬಿತ್ತು."

ಅವನ ಕಣ್ಣಲ್ಲಿ ನೀರು ಬಂತು. ಮೆಸ್ತ್ರೆ ಒರೆಸಿಕೋ ಎನ್ನಲಿಲ್ಲ.

"ನೀವು ಕಲಿಸಿದ್ದನ್ನೇ ಮಾಡಿದೆ. ಆದರೂ ಸೋತೆವು. ಕಲಿತು ಏನು ಬಂತು?"

ಮೆಸ್ತ್ರೆ ರಸ್ತೆಯ ಕಡೆ ನೋಡಿದರು. ಕಾರಿನ ಪಕ್ಕದಲ್ಲಿ ಮೂವರು ನಿಂತಿದ್ದರು. ನೇಲಿಯೊ ದೋಣಿ ಹತ್ತುವವರೆಗೂ ಹೊರಡುವ ಹಾಗೆ ಕಾಣಲಿಲ್ಲ.

"ಯಾರವರು?"

"ನನ್ನ ಸಾಲಿನವರು. ಇಲ್ಲಿಯವರೆಗೆ ತಂದು ಬಿಟ್ಟರು."

ಮೆಸ್ತ್ರೆ ಹುಟ್ಟು ಕೈಗೆತ್ತಿಕೊಂಡರು.

"ಹೋದ ಭಾನುವಾರ ನೀನು ನಡೆದು ಬಂದಿದ್ದೆ."